ಕ್ರಿಸ್‌ಮಸ್ ವಾರದಲ್ಲಿ ಯೂರೋಪ್: ಲಂಡನ್, ಪ್ಯಾರಿಸ್, ಮ್ಯೂನಿಕ್, ವಿಯೆನ್ನಾ, ಪ್ರಾಗ್, ರೋಮ್, ಯಾವುದು ನಿಮಗೆ?

ಅಕ್ಟೋಬರ್ ಬಂತೆಂದರೆ ಇಲ್ಲಿರುವ ಕನ್ನಡದವರ ನಡುವೆ ಒಂದೇ ಪ್ರಶ್ನೆ ಓಡಾಡಲು ಶುರುವಾಗುತ್ತದೆ. ಡಿಸೆಂಬರ್ ಕೊನೆಯ ವಾರ ಆಫೀಸಿಗೆ ರಜೆ, ಮಕ್ಕಳಿಗೂ ರಜೆ, ಊರಿಂದ ಅಪ್ಪ ಅಮ್ಮ ಬೇರೆ ಬರುತ್ತಿದ್ದಾರೆ, ಅವರಿಗೆ ಲಂಡನ್ ತೋರಿಸೋದಾ, ಪ್ಯಾರಿಸ್ ತೋರಿಸೋದಾ, ಇಲ್ಲ ವಿಯೆನ್ನಾ, ಪ್ರಾಗ್ ಅಂತ ಹೋಗೋದಾ? ಬೆಂಗಳೂರಿಂದ ನೇರ ಬರುವವರೂ ಇದನ್ನೇ ಕೇಳುತ್ತಾರೆ. ನಾನು ಜರ್ಮನಿಯಲ್ಲಿರುವವನು. ಯಾರು ಕೇಳಿದರೂ ನಾನು ತಿರುಗಿಸಿ ಕೇಳುವುದು ಒಂದೇ ಮಾತು. ಊರು ಆಮೇಲೆ ನೋಡೋಣ, 25ನೇ ತಾರೀಖು ಎಲ್ಲಿರುತ್ತೀರಿ, ಅವತ್ತು ಏನು ಮಾಡುತ್ತೀರಿ, ಏನು ಊಟ ಮಾಡುತ್ತೀರಿ, ಅದನ್ನು ಮೊದಲು ಹೇಳಿ.

ಯಾಕೆಂದರೆ ನಮ್ಮ ಹಬ್ಬಕ್ಕೂ ಇಲ್ಲಿನ ಹಬ್ಬಕ್ಕೂ ಇರುವ ದೊಡ್ಡ ವ್ಯತ್ಯಾಸ ಅಲ್ಲೇ ಇದೆ. ದಸರಾಕ್ಕೆ ಮೈಸೂರಿಗೆ ಹೋದರೆ ಊರಿಗೆ ಊರೇ ಬೀದಿಯಲ್ಲಿರುತ್ತದೆ, ರಾತ್ರಿ ಹನ್ನೊಂದಕ್ಕೂ ಚುರುಮುರಿ ಸಿಗುತ್ತದೆ. ಇಲ್ಲಿ ಕ್ರಿಸ್‌ಮಸ್ ಮನೆಯೊಳಗಿನ ಹಬ್ಬ. ದೀಪ, ಮಾರುಕಟ್ಟೆ, ಸಡಗರ ಹೆಚ್ಚಿನ ಕಡೆ 24ರ ಮಧ್ಯಾಹ್ನದವರೆಗೆ. ಆಮೇಲೆ ಜನ ಮನೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ಇದು ಗೊತ್ತಿಲ್ಲದೆ ದುಡ್ಡು ಸುರಿದು ಬಂದವರು ಖಾಲಿ ಬೀದಿಯಲ್ಲಿ ಚಳಿಗೆ ನಡುಗುತ್ತ ನಿಲ್ಲುವುದನ್ನು ನೋಡಿದರೆ ಬೇಜಾರಾಗುತ್ತದೆ. ಸ್ವಲ್ಪ ಮೊದಲೇ ಲೆಕ್ಕ ಹಾಕಿದರೆ ಇದೇ ವಾರ ತುಂಬ ಚೆನ್ನಾಗಿಯೂ ಕಳೆಯಬಹುದು.

ಏನೇನು ಲೆಕ್ಕ ಹಾಕಬೇಕು

ಮೊದಲು ಓಡಾಟ. 25 ಮತ್ತು 26ರಂದು ಬಸ್ಸು, ಮೆಟ್ರೋ, ರೈಲು ಇರುತ್ತವಾ? ಎಲ್ಲಕ್ಕಿಂತ ಮುಖ್ಯವಾದದ್ದು ಇದು, ಆದರೆ ಜನ ಕೊನೆಗೆ ಯೋಚಿಸುವುದೂ ಇದನ್ನೇ.

ಆಮೇಲೆ ಹೊಟ್ಟೆ. ಅಂಗಡಿ ಎಷ್ಟು ದಿನ ಮುಚ್ಚಿರುತ್ತದೆ, ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ, ಉಳಿಯುವ ಜಾಗದಲ್ಲಿ ಒಲೆ ಇದೆಯಾ. ಅದರ ಜೊತೆಗೆ ಟಿಕೆಟ್ ಕೊಟ್ಟು ನೋಡುವ ಜಾಗಗಳಲ್ಲಿ ಯಾವುದು ತೆರೆದಿರುತ್ತದೆ, ಯಾವುದೂ ತೆರೆದಿಲ್ಲದಿದ್ದರೆ ಸುಮ್ನೆ ನಡೆದುಕೊಂಡು ನೋಡಲು ಏನಿದೆ.

ವೀಸಾ ಮರೆಯಬೇಡಿ. ಬ್ರಿಟನ್ನಿನಲ್ಲಿ ಕೆಲಸ ಮಾಡುವವರ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೆ ಪ್ಯಾರಿಸ್ಸಿಗೆ ಷೆಂಗೆನ್ ವೀಸಾ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ವೀಸಾ, ಬೇಕೇ ಬೇಕು. ಜರ್ಮನಿಯ ವಾಸದ ಕಾರ್ಡ್ ಇರುವವರಿಗೆ ವಿಯೆನ್ನಾ, ಪ್ರಾಗ್, ಪ್ಯಾರಿಸ್, ರೋಮ್ ಎಲ್ಲಕ್ಕೂ ಅದೇ ಸಾಕು, ಆದರೆ ಲಂಡನ್‌ಗೆ ಬೇರೆ ವೀಸಾ. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದಲೇ ಹಾಕಬಹುದು. ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದ ಮಕ್ಕಳಿಗೆ 45. ಡಿಸೆಂಬರ್ ಪ್ರಯಾಣಕ್ಕೆ ನವೆಂಬರ್‌ನಲ್ಲಿ ಸ್ಲಾಟ್ ಹುಡುಕುವುದು ಬೇಡ, ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಮುಗಿಸಿಬಿಡಿ.

ಇನ್ನೊಂದು, ಬೆಳಕು. ಲಂಡನ್‌ನಲ್ಲಿ ಈ ವಾರ ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ರೋಮ್‌ನಲ್ಲಿ ಸಂಜೆ ಅದಕ್ಕಿಂತ ಮುಕ್ಕಾಲು ಗಂಟೆ ಜಾಸ್ತಿ ಬೆಳಕು. ಕೇಳಲು ಸಣ್ಣ ವಿಷಯ, ಆದರೆ ಬೆಳಗ್ಗೆ ಎದ್ದು ಸ್ನಾನ, ತಿಂಡಿ ಮುಗಿಸಿ ಹೊರಡುವಷ್ಟರಲ್ಲಿ ಹತ್ತೂವರೆ ಆಗುವ ಕುಟುಂಬಕ್ಕೆ ದಿನದಲ್ಲಿ ಉಳಿಯುವುದೇ ಐದು ಗಂಟೆ.

ಇನ್ನು ಕ್ಯಾಲೆಂಡರ್ ತೆಗೆದು ನೋಡಿ. 2026ರಲ್ಲಿ ಡಿಸೆಂಬರ್ 25 ಶುಕ್ರವಾರ ಬರುತ್ತದೆ. ಜರ್ಮನಿ, ಆಸ್ಟ್ರಿಯಾದಲ್ಲಿ 25, 26 ಎರಡೂ ಸರ್ಕಾರಿ ರಜೆ, 27 ಭಾನುವಾರ, ಭಾನುವಾರ ಇಲ್ಲಿ ಅಂಗಡಿ ತೆರೆಯುವುದೇ ಇಲ್ಲ. ಅಂದರೆ ಗುರುವಾರ 24ರ ಮಧ್ಯಾಹ್ನ ಮುಚ್ಚಿದ ಸೂಪರ್‌ಮಾರ್ಕೆಟ್ ಮತ್ತೆ ತೆರೆಯುವುದು ಸೋಮವಾರ 28ರ ಬೆಳಗ್ಗೆ.

ಲಂಡನ್

ಆರು ಊರುಗಳಲ್ಲಿ 25ರಂದು ಪೂರ್ತಿ ನಿಂತುಹೋಗುವುದು ಲಂಡನ್ ಒಂದೇ. ಅವತ್ತು ಟ್ಯೂಬ್, ಅಂದರೆ ಅಲ್ಲಿನ ಮೆಟ್ರೋ, ಇಲ್ಲ, ಬಸ್ ಇಲ್ಲ, ದೇಶದಲ್ಲೆಲ್ಲೂ ರೈಲಿಲ್ಲ. 24ರ ಸಂಜೆಯೇ ಬೇಗ ನಿಲ್ಲುತ್ತವೆ. 26ಕ್ಕೆ ಟ್ಯೂಬ್ ಶುರುವಾಗುತ್ತದೆ, ಆದರೆ ಊರಿಂದ ಊರಿಗೆ ಹೋಗುವ ರೈಲು ತೀರಾ ಕಡಿಮೆ. ಹಳಿ ರಿಪೇರಿ ಕೆಲಸವನ್ನೂ ಇದೇ ವಾರಕ್ಕೆ ಇಟ್ಟುಕೊಳ್ಳುತ್ತಾರೆ. ಹಾಗಾಗಿ 26ಕ್ಕೆ ಆಕ್ಸ್‌ಫರ್ಡ್, 27ಕ್ಕೆ ಎಡಿನ್‌ಬರ ಎಂದು ಪ್ಲಾನ್ ಹಾಕುವವರು ರೈಲಿನ ವೇಳಾಪಟ್ಟಿ ನೋಡದೆ ಹೋಟೆಲ್ ಬುಕ್ ಮಾಡಬಾರದು. 25ಕ್ಕೆ ವಿಮಾನದ ಟಿಕೆಟ್ ಅಗ್ಗವಾಗಿ ಸಿಕ್ಕಿತೆಂದು ತೆಗೆದುಕೊಂಡರೆ, ವಿಮಾನ ನಿಲ್ದಾಣದಿಂದ ಮನೆಗೆ ಟ್ಯಾಕ್ಸಿಗೆ ಕೊಡುವ ದುಡ್ಡಿನಲ್ಲಿ ಆ ಉಳಿತಾಯ ಕರಗಿಹೋಗುತ್ತದೆ.

ಮ್ಯೂಸಿಯಂಗಳದ್ದೂ ಇದೇ ಕಥೆ. ಬ್ರಿಟಿಷ್ ಮ್ಯೂಸಿಯಂ 24, 25, 26 ಮೂರೂ ದಿನ ಮುಚ್ಚಿರುತ್ತದೆ. ನ್ಯಾಷನಲ್ ಗ್ಯಾಲರಿ ಆ ಮೂರು ದಿನದ ಜೊತೆಗೆ ಜನವರಿ 1ಕ್ಕೂ ಮುಚ್ಚಿರುತ್ತದೆ. ದೊಡ್ಡ ಅಂಗಡಿಗಳು 25ರಂದು ತೆರೆಯಬಾರದೆಂದು 2004ರ ಕಾನೂನೇ ಇದೆ, ಕೆಲವು ವಿನಾಯಿತಿ ಬಿಟ್ಟರೆ 280 ಚದರ ಮೀಟರಿಗಿಂತ ದೊಡ್ಡದಾದ ಅಂಗಡಿ ತೆರೆಯುವಂತಿಲ್ಲ. ಮೂಲೆಯ ಸಣ್ಣ ಅಂಗಡಿಗೆ ಆ ನಿಯಮ ಇಲ್ಲ. ಈಸ್ಟ್ ಹ್ಯಾಮ್, ಸೌತಾಲ್ ಕಡೆ ಉಳಿದುಕೊಂಡರೆ ನಮ್ಮ ಕಡೆಯ ಅಂಗಡಿ, ಊಟದ ಜಾಗ ಒಂದಾದರೂ ನಡೆದುಹೋಗುವ ದೂರದಲ್ಲಿ ತೆರೆದಿರುವ ಸಾಧ್ಯತೆ ಜಾಸ್ತಿ. ಆದರೆ ಅಲ್ಲಿಂದ ನಗರದ ನಡುವಿಗೆ ನಡೆದು ಹೋಗಲಾಗದು. ಹೊಟ್ಟೆ ಮುಖ್ಯವೋ ಕಣ್ಣು ಮುಖ್ಯವೋ ನೀವೇ ಹೇಳಬೇಕು.

ನನ್ನ ಸಲಹೆ ಕಣ್ಣಿನ ಕಡೆಗೆ. ವೆಸ್ಟ್‌ಮಿನ್‌ಸ್ಟರ್, ವಾಟರ್‌ಲೂ, ಲ್ಯಾಂಬೆತ್ ಸುತ್ತಮುತ್ತ, ಥೇಮ್ಸ್‌ಗೆ ನಡೆದು ಹೋಗುವಷ್ಟು ಹತ್ತಿರ, ಅಡುಗೆಮನೆ ಇರುವ ಒಂದು ಫ್ಲ್ಯಾಟ್ ಹಿಡಿಯಿರಿ. 24ರೊಳಗೆ ಸಾಮಾನು ತಂದಿಟ್ಟುಕೊಳ್ಳಿ. 25ರ ಬೆಳಗ್ಗೆ ಆ ನದಿದಂಡೆ ವರ್ಷದಲ್ಲಿ ಬೇರೆ ಯಾವ ದಿನವೂ ಹಾಗಿರುವುದಿಲ್ಲ. ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ಕೆಂಪು ಬಸ್ಸುಗಳ ಸಾಲಿಲ್ಲ, ನಾಯಿ ಕರೆದುಕೊಂಡು ಬಂದವರು, ಹೊಸ ಸೈಕಲ್ ಕಲಿಯುವ ಮಕ್ಕಳು, ಅಷ್ಟೇ. ಸೇತುವೆ ದಾಟಿ ದಕ್ಷಿಣ ದಂಡೆಯಲ್ಲಿ ಬಲಕ್ಕೆ ತಿರುಗಿ, ನೀರಿನ ಪಕ್ಕದಲ್ಲೇ ಲ್ಯಾಂಬೆತ್ ಸೇತುವೆಯನ್ನು ಹತ್ತದೆ, ಅದೇ ದಂಡೆಯಲ್ಲಿ ಅದರಾಚೆ ಸ್ವಲ್ಪ ಮುಂದೆ ಹೋದರೆ ಆಲ್ಬರ್ಟ್ ಎಂಬಾಂಕ್‌ಮೆಂಟ್ ಉದ್ಯಾನದಲ್ಲಿ ಬಸವಣ್ಣನವರ ಪ್ರತಿಮೆ ಸಿಗುತ್ತದೆ. ನಿಧಾನವಾಗಿ ನಡೆದರೂ ಅರ್ಧ ಗಂಟೆ. ಕಲಬುರಗಿ ಮೂಲದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ನೀರಜ್ ಪಾಟೀಲರ ಪ್ರಯತ್ನದಿಂದ ಬಂದದ್ದು, 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ಊರಿಂದ ಬಂದ ಹಿರಿಯರಿಗೆ ಆ ದಿನ ಬೇರೆ ಏನೂ ತೋರಿಸದಿದ್ದರೂ ಇದೊಂದು ಸಾಕಾಗುತ್ತದೆ. ಟಿಕೆಟ್ ಇಲ್ಲ, ರಜೆ ಇಲ್ಲ, ಬಾಗಿಲೂ ಇಲ್ಲ.

ಎಡಿನ್‌ಬರದ ಹೊಸವರ್ಷ ನೋಡಬೇಕೆನ್ನುವವರಿಗೆ ಎರಡೇ ಮಾತು. ಸ್ಕಾಟ್ಲೆಂಡಿನಲ್ಲಿ ಜನವರಿ 1ರ ಜೊತೆ 2ಕ್ಕೂ ರಜೆ. ಬೀದಿ ಹಬ್ಬ ಗಾಳಿ ಮಳೆಗೆ ರದ್ದಾಗುವುದುಂಟು, 2024ರ ಡಿಸೆಂಬರ್ 31ಕ್ಕೆ ಆದದ್ದೇ ಹಾಗೆ.

ಪ್ಯಾರಿಸ್

ಲಂಡನ್‌ಗೆ ಹೋಲಿಸಿದರೆ ಪ್ಯಾರಿಸ್ ತುಂಬ ಸಲೀಸು. 25ರಂದೂ ಮೆಟ್ರೋ ಓಡುತ್ತದೆ. 26 ಫ್ರಾನ್ಸಿನ ಹೆಚ್ಚಿನ ಕಡೆ ರಜೆಯೇ ಅಲ್ಲ, ಹಾಗಾಗಿ ಮುಚ್ಚುವುದು ಒಂದೇ ದಿನ. ಐಫೆಲ್ ಗೋಪುರ ವರ್ಷದ ಎಲ್ಲ ದಿನ ತೆರೆದಿರುತ್ತದೆ, ಮಕ್ಕಳಿದ್ದರೆ ಡಿಸ್ನಿಲ್ಯಾಂಡ್ ಕೂಡ. 2019ರಲ್ಲಿ ಬೆಂಕಿಗೆ ಸಿಕ್ಕ ನೋಟ್ರಡ್ಯಾಮ್ ಚರ್ಚ್ 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದಿದೆ.

ಇಲ್ಲಿ ಎಡವುವುದು ವಾರದ ರಜೆಯಲ್ಲಿ. ಲೂವ್ರ್ ಮಂಗಳವಾರ ಮುಚ್ಚುತ್ತದೆ, ಜೊತೆಗೆ 25 ಮತ್ತು ಜನವರಿ 1. ಓರ್ಸೇ ಮ್ಯೂಸಿಯಂ ಮತ್ತು ವರ್ಸೇಲ್ಸ್ ಅರಮನೆಗೆ ಸೋಮವಾರ ರಜೆ. 2026ರ ಲೆಕ್ಕ ಹಿಡಿದರೆ 25 ಶುಕ್ರವಾರ ಈ ಮೂರೂ ಬಂದ್, 28 ಸೋಮವಾರ ವರ್ಸೇಲ್ಸ್, ಓರ್ಸೇ ಬಂದ್, 29 ಮಂಗಳವಾರ ಲೂವ್ರ್ ಬಂದ್. ಉಳಿದ 26, 27ಕ್ಕೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಸಮಯ ಹಾಕಿದ ಟಿಕೆಟ್ಟನ್ನು ಮೊದಲೇ ತೆಗೆದುಕೊಂಡಿರಬೇಕು, ಬಾಗಿಲಲ್ಲಿ ನಿಂತು ನೋಡೋಣ ಅನ್ನುವ ವಾರ ಇದಲ್ಲ.

ಊಟಕ್ಕೆ ಗಾರ್ ದು ನೋರ್ ನಿಲ್ದಾಣದ ಹಿಂದಿನ ಲಾ ಶಪೆಲ್ ಕಡೆ ಹೋಗಿ. ಶ್ರೀಲಂಕಾ ತಮಿಳರ ಬೀದಿ ಅದು. ದೋಸೆ, ಇಡ್ಲಿ, ಕರಿಬೇವು, ತೆಂಗಿನಕಾಯಿ ಎಲ್ಲ ಸಿಗುತ್ತದೆ. ಲಂಡನ್‌ನಿಂದ ಬರುವವರು ಗಮನಿಸಬೇಕಾದದ್ದು, 25ರಂದು ಯೂರೋಸ್ಟಾರ್ ರೈಲು ಓಡುವುದಿಲ್ಲ.

ಮ್ಯೂನಿಕ್, ನ್ಯೂರೆಂಬರ್ಗ್

ಜನ ಜರ್ಮನಿಗೆ ಬರುವುದೇ ಕ್ರಿಸ್‌ಮಸ್ ಮಾರುಕಟ್ಟೆ ನೋಡಲು. ಆದರೆ ಬರುವುದು 26ಕ್ಕೆ! ನ್ಯೂರೆಂಬರ್ಗ್‌ನ ಹೆಸರಾಂತ ಮಾರುಕಟ್ಟೆ 24ರ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಮ್ಯೂನಿಕ್‌ನ ಮರಿಯೆನ್‌ಪ್ಲಾಟ್ಸ್‌ನದ್ದೂ ಅಷ್ಟೇ. 26ಕ್ಕೆ ಬಂದವರಿಗೆ ಮರದ ಗೂಡಂಗಡಿಗಳ ಆ ಸಡಗರ ಸಿಗುವುದಿಲ್ಲ. ಮಾರುಕಟ್ಟೆಯೇ ಗುರಿಯಾದರೆ ಡಿಸೆಂಬರ್ 20ರೊಳಗೆ ಬನ್ನಿ. ರಜೆ ಹೊಂದಿಸಿಕೊಳ್ಳಲು ಆಗುವವರಿಗೆ ಇಡೀ ಬರಹದಲ್ಲಿ ನಾನು ಕೊಡುವ ಅತ್ಯುತ್ತಮ ಸಲಹೆ ಇದೇ: ಡಿಸೆಂಬರ್ ಮೊದಲ ಮೂರು ವಾರದಲ್ಲಿ ಕ್ರಿಸ್‌ಮಸ್ ರಜೆಗೆಂದು ಯಾವ ಬಾಗಿಲೂ ಮುಚ್ಚಿರುವುದಿಲ್ಲ, ವಾರದ ನಡುವೆ ಬಂದರೆ ನೂಕುನುಗ್ಗಲೂ ಕಡಿಮೆ.

ಕೊನೆಯ ವಾರವೇ ಬರಬೇಕೆಂದರೆ ಒಳ್ಳೆಯ ಸುದ್ದಿ ರೈಲು. 25ರಂದೂ ರೈಲು, ಮೆಟ್ರೋ ಎಲ್ಲ ಓಡುತ್ತವೆ. ತಿಂಗಳ ಜರ್ಮನಿ ಟಿಕೆಟ್, 2026ರಲ್ಲಿ 63 ಯೂರೋ, ಎಲ್ಲ ಸ್ಥಳೀಯ ರೈಲುಗಳಿಗೂ ಹಬ್ಬದ ದಿನವೂ ಸಲ್ಲುತ್ತದೆ. ಅದೇ ಟಿಕೆಟ್ಟಿನಲ್ಲಿ ಗಡಿ ದಾಟಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ನಿಲ್ದಾಣದವರೆಗೂ ಹೋಗಬಹುದು, ಮ್ಯೂನಿಕ್‌ನಿಂದ ಎರಡು ಗಂಟೆಯೊಳಗೆ. ಸಾಲ್ಜ್‌ಬರ್ಗ್‌ನ ಕತೀಡ್ರಲ್ ಮುಂದಿನ ಮಾರುಕಟ್ಟೆ ಸಾಮಾನ್ಯವಾಗಿ ಹೊಸವರ್ಷದವರೆಗೆ ಇರುತ್ತದೆ. ಆದರೆ ಮ್ಯೂನಿಕ್ ಕಡೆಯಿಂದ ಜನ ನೋಡಲು ಹೋಗುವ ನೊಯ್‌ಶ್ವಾನ್‌ಸ್ಟೈನ್ ಕೋಟೆ 24, 25, 31 ಮತ್ತು ಜನವರಿ 1ಕ್ಕೆ ಮುಚ್ಚಿರುತ್ತದೆ, ಅದನ್ನು 28ರ ನಂತರಕ್ಕೆ ಇಟ್ಟುಕೊಳ್ಳಿ.

ಕಷ್ಟ ಇರುವುದು ಅಂಗಡಿಯದ್ದು. 24ರಂದು ಮಧ್ಯಾಹ್ನ ಎರಡಕ್ಕೆ ಶಟರ್ ಬೀಳುತ್ತದೆ. ಹನ್ನೆರಡೂವರೆಗೆ ಹೋಗಿ ನೋಡಿ, ಬ್ರೆಡ್ಡಿನ ಕಪಾಟು ಬೋಳು, ಹಾಲಿನ ಕಡೆ ಲ್ಯಾಕ್ಟೋಸ್ ಇಲ್ಲದ್ದು ನಾಲ್ಕು ಪೊಟ್ಟಣ, ಮೊಸರಿನಲ್ಲಿ ಸ್ಟ್ರಾಬೆರಿ ಹಾಕಿದ್ದು ಮಾತ್ರ. ಬೇಳೆ ಸಾರಿಗೆ ಟೊಮೆಟೊ ಇಲ್ಲದೆ ಹುಣಸೆಹಣ್ಣಲ್ಲಿ ಹೇಗೋ ಆಗುತ್ತದೆ, ಅಪ್ಪನಿಗೆ ರಾತ್ರಿ ಮೊಸರನ್ನ ಇಲ್ಲದೆ ಆಗುವುದಿಲ್ಲ ಅಲ್ವಾ? ಸಾಮಾನು 23ಕ್ಕೇ ತಂದುಬಿಡಿ. ತಪ್ಪಿದರೆ ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಗಳು ಹಬ್ಬದ ದಿನವೂ ತೆರೆದಿರುತ್ತವೆ, ಸಾಲು ಉದ್ದ ಇರುತ್ತದೆ ಅಷ್ಟೇ. 24ರ ರಾತ್ರಿ ಊಟದ ಹೋಟೆಲುಗಳೂ ಹೆಚ್ಚಿನವು ಮುಚ್ಚಿರುತ್ತವೆ, 25ರ ಮಧ್ಯಾಹ್ನದ ಊಟಕ್ಕೆ ಮೊದಲೇ ಟೇಬಲ್ ಕಾದಿರಿಸಬೇಕು.

ಊರಿಂದ ಬರುವವರಿಗೆ ಈಗಲೇ ಹೇಳಿಬಿಡಿ, ಹಾಲು, ತುಪ್ಪ, ಪನೀರ್ ಯೂರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಬ್ರಿಟನ್ನಿನಿಂದ ಬರುವವರಿಗೂ ಅದೇ ನಿಯಮ. ಅವಲಕ್ಕಿ, ರವೆ, ಚಟ್ನಿಪುಡಿ, ಸಾರಿನಪುಡಿ ತೊಂದರೆಯಿಲ್ಲ. ಈ ವಾರದಲ್ಲಿ ಆ ಒಂದು ಚೀಲ ಚಿನ್ನ.

ಇನ್ನೊಂದು ಎಚ್ಚರ. 31ರ ರಾತ್ರಿ ಜರ್ಮನಿಯಲ್ಲಿ ಜನ ಬೀದಿಯಲ್ಲೇ ಪಟಾಕಿ ಹೊಡೆಯುತ್ತಾರೆ, ರಾಕೆಟ್ಟು ಕಾಲಬುಡದಲ್ಲಿ ಹಾರುತ್ತದೆ. ಪುಟ್ಟ ಮಕ್ಕಳು, ವಯಸ್ಸಾದವರು ಇದ್ದರೆ ಆ ರಾತ್ರಿ ನಗರದ ನಡುವೆ ಬೇಡ.

ವಿಯೆನ್ನಾ

ಅಪ್ಪ ಅಮ್ಮ, ಅತ್ತೆ ಮಾವ ಜೊತೆಗಿದ್ದರೆ ನಾನು ಎರಡು ಸಲ ಯೋಚಿಸದೆ ಹೇಳುವುದು ವಿಯೆನ್ನಾ. ಅಂಗಡಿ ವಿಷಯದಲ್ಲಿ ಜರ್ಮನಿಯದ್ದೇ ಕಥೆ, 24ರ ಮಧ್ಯಾಹ್ನದಿಂದ ಬಂದ್. ಆದರೆ ನೋಡುವ ಜಾಗ ತೆರೆದಿರುತ್ತದೆ. ಶೋನ್‌ಬ್ರುನ್ ಅರಮನೆ 25ನ್ನೂ ಸೇರಿಸಿ ವರ್ಷದ 365 ದಿನವೂ ತೆರೆದಿರುತ್ತದೆ. ಅರಮನೆ ಒಳಗೆ ಬೆಚ್ಚಗೆ ನಡೆದು, ಹೊರಗೆ ಅಂಗಳದ ಮಾರುಕಟ್ಟೆ ನೋಡಬಹುದು, ಅದು ಕ್ರಿಸ್‌ಮಸ್ ಮುಗಿದ ಮೇಲೂ ಹೊಸವರ್ಷದ ಮಾರುಕಟ್ಟೆಯಾಗಿ ಮುಂದುವರಿಯುತ್ತದೆ. ನಗರಸಭೆ ಮುಂದಿನ ದೊಡ್ಡ ಮಾರುಕಟ್ಟೆ 26ರವರೆಗೆ. ಮೆಟ್ರೋ, ಟ್ರಾಮ್ ಹಬ್ಬದ ದಿನವೂ ಓಡುತ್ತವೆ. ರಿಂಗ್ ರಸ್ತೆಯ ಟ್ರಾಮಿನಲ್ಲಿ ಕಿಟಕಿ ಪಕ್ಕ ಕೂತರೆ ಮಂಡಿನೋವಿನವರೂ ಸಂಸತ್ತು, ಒಪೆರಾ, ನಗರಸಭೆ ಎಲ್ಲವನ್ನೂ ನೋಡಿ ಮುಗಿಸುತ್ತಾರೆ.

ಬೆಲೆ ಮಾತ್ರ ಕಡಿಮೆಯಲ್ಲ, ಅದರಲ್ಲೂ 29ರಿಂದ ಜನವರಿ 1ರವರೆಗೆ ಹೊಸವರ್ಷದ ಸಂಗೀತ, ನೃತ್ಯಕ್ಕೆಂದು ಜಗತ್ತೇ ಬರುವುದರಿಂದ ಹೋಟೆಲ್ ದರ ಏರುತ್ತದೆ. 23ರಿಂದ 28 ವಿಯೆನ್ನಾಕ್ಕೆ ಸರಿಯಾದ ದಿನಗಳು. ಜನವರಿ 6 ಆಸ್ಟ್ರಿಯಾದಲ್ಲೂ ಮ್ಯೂನಿಕ್ ಇರುವ ಬವೇರಿಯಾದಲ್ಲೂ ಮತ್ತೆ ರಜೆ, ರಜೆ ಎಳೆದುಕೊಂಡು ಇರುವವರು ಅದನ್ನೂ ಗುರುತು ಹಾಕಿಕೊಳ್ಳಿ.

ಪ್ರಾಗ್

ಕೈಯಲ್ಲಿ ದುಡ್ಡು ಕಡಿಮೆ, ಕಾಲಲ್ಲಿ ಶಕ್ತಿ ಇದೆ ಎನ್ನುವ ವಿದ್ಯಾರ್ಥಿಗಳಿಗೆ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಪ್ರಾಗ್. ಹಳೇಪೇಟೆ ಚೌಕದ ಮಾರುಕಟ್ಟೆ ಸಾಮಾನ್ಯವಾಗಿ ಜನವರಿ 6ರವರೆಗೂ ನಡೆಯುತ್ತದೆ, ಅಂದರೆ 26ಕ್ಕೆ ಬಂದವರಿಗೂ ಮಾರುಕಟ್ಟೆ ಸಿಗುತ್ತದೆ. ದೊಡ್ಡ ಅಂಗಡಿಗಳು, 200 ಚದರ ಮೀಟರಿಗಿಂತ ದೊಡ್ಡವು, 24ರ ಮಧ್ಯಾಹ್ನದಿಂದ 26ರವರೆಗೆ ಕಾನೂನಿನ ಪ್ರಕಾರ ಮುಚ್ಚಬೇಕು, ಸಣ್ಣವು ತೆರೆಯಬಹುದು. ಚಾರ್ಲ್ಸ್ ಸೇತುವೆಗೆ ಬಾಗಿಲಿಲ್ಲ. ವಿಯೆನ್ನಾದಿಂದ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ. ರಸ್ತೆಯೆಲ್ಲ ಉಬ್ಬು ತಗ್ಗಿನ ಕಲ್ಲುಹಾಸು, ಹಿಮ ಬಿದ್ದರೆ ಜಾರುತ್ತದೆ, ಮಗುವಿನ ತಳ್ಳುಗಾಡಿಗೂ ಹಿರಿಯರಿಗೂ ಕಷ್ಟ. ಯೂರೋ ನಡೆಯುವುದಿಲ್ಲ, ಕೊರುನಾ. ಬೀದಿಯಲ್ಲಿ ದುಡ್ಡು ಬದಲಾಯಿಸಿಕೊಡುತ್ತೇನೆ ಎಂದು ಬರುವವರ ಹತ್ತಿರ ನಿಲ್ಲಲೇಬೇಡಿ, ಕಾರ್ಡ್ ಬಳಸಿ.

ರೋಮ್

ಚಳಿ ತಡೆಯದವರಿಗೆ, ಸಸ್ಯಾಹಾರಿಗಳಿಗೆ ರೋಮ್ ಅನುಕೂಲ. ಹಗಲು ಹತ್ತು ಹನ್ನೆರಡು ಡಿಗ್ರಿ, ಒಂದು ಸ್ವೆಟರ್, ಜಾಕೆಟ್ ಸಾಕು. ಟೊಮೆಟೊ ಪಾಸ್ತಾ, ತರಕಾರಿ ಪಿಜ್ಜಾ ಯಾವ ಮೂಲೆಯಲ್ಲೂ ಸಿಗುತ್ತದೆ. ನೋಡುವುದರಲ್ಲಿ ಅರ್ಧ ಬಯಲಲ್ಲೇ ಇದೆ, ಟ್ರೆವಿ ಕಾರಂಜಿ, ನವೋನಾ ಚೌಕ, ಸ್ಪ್ಯಾನಿಷ್ ಮೆಟ್ಟಿಲು. 25ರಂದು ಮಧ್ಯಾಹ್ನ ಹನ್ನೆರಡಕ್ಕೆ ಸೇಂಟ್ ಪೀಟರ್ಸ್ ಚೌಕದಲ್ಲಿ ಪೋಪ್ ಜನರಿಗೆ ಆಶೀರ್ವಾದ ಕೊಡುತ್ತಾರೆ, ಚೌಕಕ್ಕೆ ಟಿಕೆಟ್ ಬೇಕಿಲ್ಲ. ಉಳಿದ ಊರುಗಳಲ್ಲಿ ಏನೂ ನಡೆಯದ ದಿನ, ಇಲ್ಲಿ ಲಕ್ಷಣವಾಗಿ ಒಂದು ಹಬ್ಬ ಕಣ್ಣೆದುರು ನಡೆಯುತ್ತದೆ.

ಆದರೆ ವ್ಯಾಟಿಕನ್ ಮ್ಯೂಸಿಯಂ 25, 26, ಜನವರಿ 1, 6 ನಾಲ್ಕೂ ದಿನ ಮುಚ್ಚಿರುತ್ತದೆ. ಭಾನುವಾರವೂ ಬಂದ್, ತಿಂಗಳ ಕೊನೆಯ ಭಾನುವಾರ ಮಾತ್ರ ಅರ್ಧ ದಿನ ಉಚಿತ. 2026ರಲ್ಲಿ ಆ ಕೊನೆಯ ಭಾನುವಾರ ಡಿಸೆಂಬರ್ 27, ಎರಡು ದಿನ ಮುಚ್ಚಿದ ಮರುದಿನ, ಉಚಿತ ಬೇರೆ. ಆ ಸಾಲಿನಲ್ಲಿ ಹಿರಿಯರನ್ನು ನಿಲ್ಲಿಸಬೇಡಿ. ಆ ಮ್ಯೂಸಿಯಂ ಒಳಗಿರುವ ಸಿಸ್ಟೀನ್ ಚಾಪೆಲ್ ನೋಡಲೇಬೇಕಿದ್ದರೆ 28ರಿಂದ 30ರೊಳಗೆ ದುಡ್ಡು ಕೊಟ್ಟು ಸಮಯ ಕಾದಿರಿಸಿ. ಕೊಲೋಸಿಯಂ 25ಕ್ಕೆ ಬಂದ್. ಅವತ್ತು ಮೆಟ್ರೋ ಓಡಿದರೂ ಮಧ್ಯಾಹ್ನ ಕೆಲವು ಗಂಟೆ ನಿಲ್ಲುತ್ತದೆ, ಹಾಗಾಗಿ ನಡುಪೇಟೆಯಲ್ಲೇ ಉಳಿಯುವುದು ಒಳ್ಳೆಯದು.

ಇನ್ನು ನಿರ್ಧಾರ

ಬ್ರಿಟನ್ನಿನಲ್ಲಿದ್ದು ಷೆಂಗೆನ್ ವೀಸಾ ಇಲ್ಲದವರು ಲಂಡನ್ನಿನಲ್ಲೇ ನದಿಯ ಹತ್ತಿರ ಫ್ಲ್ಯಾಟ್ ಹಿಡಿಯಿರಿ, ಇಲ್ಲ ಇಸ್ತಾಂಬುಲ್ ನೋಡಿ. ಬ್ರಿಟನ್, ಷೆಂಗೆನ್ ಅಥವಾ ಅಮೆರಿಕದ ಚಾಲ್ತಿಯಲ್ಲಿರುವ ವೀಸಾ ಅಥವಾ ವಾಸದ ಕಾರ್ಡ್ ಇರುವ ಭಾರತೀಯರಿಗೆ ಟರ್ಕಿಯ ಇ-ವೀಸಾ ಸಿಗಬಹುದು, ಅಧಿಕೃತ ಪುಟದಲ್ಲಿ ಷರತ್ತು ನೋಡಿಕೊಂಡು ಅರ್ಜಿ ಹಾಕಿ. 25 ಅಲ್ಲಿ ಮಾಮೂಲಿ ಕೆಲಸದ ದಿನ, ಎಲ್ಲವೂ ತೆರೆದಿರುತ್ತದೆ.

ಬೆಂಗಳೂರಿಂದ ಮೊದಲ ಸಲ ಬರುವ, ಹತ್ತು ದಿನ ಇರುವ ಕುಟುಂಬಕ್ಕೆ ನಾನು ಹೇಳುವ ದಾರಿ ಇದು: 21ರ ಹೊತ್ತಿಗೆ ಮ್ಯೂನಿಕ್‌ಗೆ ಇಳಿಯಿರಿ, ಎರಡು ದಿನ ಮಾರುಕಟ್ಟೆ ನೋಡಿ, 23ಕ್ಕೆ ರೈಲಿನಲ್ಲಿ ನಾಲ್ಕು ಗಂಟೆ ಪ್ರಯಾಣ ಮಾಡಿ ವಿಯೆನ್ನಾ ಸೇರಿ, ಅವತ್ತೇ ಸಂಜೆ ಸಾಮಾನು ತಂದು, 25ಕ್ಕೆ ಶೋನ್‌ಬ್ರುನ್. 27ಕ್ಕೆ ಪ್ರಾಗ್. ಮ್ಯೂಸಿಯಂ ಹುಚ್ಚು ಇರುವವರು ಇದನ್ನು ಬಿಟ್ಟು ಪ್ಯಾರಿಸ್ ಹಿಡಿಯಿರಿ, ಆದರೆ ಐದು ದಿನಕ್ಕಿಂತ ಕಡಿಮೆ ಬೇಡ, ಎರಡು ಮೂರು ದಿನ ಏನಾದರೊಂದು ಮುಚ್ಚಿಯೇ ಇರುತ್ತದೆ. ಪುಟ್ಟ ಮಗು ಅಥವಾ ಉಸಿರಾಟದ ತೊಂದರೆ ಇರುವ ಹಿರಿಯರು ಜೊತೆಗಿದ್ದರೆ ರೋಮ್.

ಬುಕ್ ಮಾಡುವಾಗ 24 ಮತ್ತು 25ರ ರಾತ್ರಿಯ ಜಾಗವನ್ನು ಎಲ್ಲಕ್ಕಿಂತ ಮೊದಲು ಹಿಡಿಯಿರಿ, ಒಲೆ, ಫ್ರಿಜ್ ಇರುವುದು, ವೀಸಾ ಬರುವವರೆಗೆ ರದ್ದು ಮಾಡಬಹುದಾದದ್ದು. ಆಮೇಲೆ ರೈಲು. ಪ್ರವೇಶದ ಟಿಕೆಟ್ ತೆಗೆಯುವ ಮುಂಚೆ ಆಯಾ ಜಾಗದ ಅಧಿಕೃತ ಪುಟದಲ್ಲಿ ಆ ವರ್ಷದ ಹಬ್ಬದ ವೇಳೆ ಒಮ್ಮೆ ನೋಡಿಕೊಳ್ಳಿ, ನವೆಂಬರ್ ಹೊತ್ತಿಗೆ ಹೆಚ್ಚಿನವರು ಅದನ್ನು ಹಾಕಿರುತ್ತಾರೆ.